ತಿಕೋಟಾದ ಚರ್ಚಾ ವಹಿ

ತಿಕೋಟಾದಲ್ಲಿ ಯಾವ ವಿಷಯದ ಬಗ್ಗೆಯೂ ಅಭಿಪ್ರಾಯ ಇಲ್ಲದ ಮನುಷ್ಯ ಒಬ್ಬನೇ ಇದ್ದ. ಅವನೇ ಹಿಟ್ಟಿನ ಗಿರಣಿಯ ಅಮರಪ್ಪ. ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕ ನಿಂತು ಅವನ ಕಿವಿ ಅರ್ಧ ಮಂದವಾಗಿತ್ತು. ಯಾರು ಏನು ಹೇಳಿದರೂ ಬೆರಳ ನಡುವೆ ಹಿಟ್ಟು ಉಜ್ಜಿ ನೋಡುತ್ತ, "ಇರಬಹುದ್ರಿ" ಎನ್ನುತ್ತಿದ್ದ. ಈ ಸಲ ಮಳೆ ಬೇಗ ಬರುತ್ತದೆ ಎಂದರೂ ಇರಬಹುದು, ತಡವಾಗುತ್ತದೆ ಎಂದರೂ ಇರಬಹುದು. ಅವನ ಹೆಂಡತಿ ಕಾಶಿಬಾಯಿ ಬಬಲೇಶ್ವರದ ಕಡೆಯವಳು, ಮಾತಿನಲ್ಲಿ ಚುರುಕು. "ನಮ್ಮನಿಯವ್ರಿಗೆ ಪಲ್ಯಾಕ್ಕ ಉಪ್ಪ ಹಾಕದಿದ್ರೂ ತಿಳಿಯೂದಿಲ್ಲ, ಎರಡ ಸಲ ಹಾಕಿದ್ರೂ ತಿಳಿಯೂದಿಲ್ಲ" ಎಂದು ಬೀಸಿಸಲು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಈ ಗುಣವೇ ಅವನಿಗೆ ಮುಳುವಾಯಿತು.

ಗಿರಣಿಗೆ ಹೊಂದಿಕೊಂಡಂತೆ ಊರಿನ ವಾಚನಾಲಯ ಇತ್ತು. ಒಂದು ಕೋಣೆ, ಕೂರಲು ಎರಡು ಬಾಕು, ಮಧ್ಯಾಹ್ನದ ಬಸ್ಸಿಗೆ ಬರುವ ಎರಡು ಪತ್ರಿಕೆ. ಪತ್ರಿಕೆ ಓದುವುದಕ್ಕಿಂತ ಅದರ ಮೇಲೆ ಜಗಳಾಡುವುದೇ ಅಲ್ಲಿ ಹೆಚ್ಚು. ವಾಚನಾಲಯದ ಅಧ್ಯಕ್ಷರಾದ ನಿವೃತ್ತ ಶಿಕ್ಷಕ ಸಂಗಣ್ಣ ಮಾಸ್ತರರು ಈ ಗದ್ದಲಕ್ಕೆ ಬೇಸತ್ತು, 1975ರ ಬೇಸಿಗೆಯಲ್ಲಿ ಒಂದು ಉಪಾಯ ಹುಡುಕಿದರು. ಬಾಯಿಂದ ಹೇಳಿದರೆ ಜಗಳವಾಗುತ್ತದೆ, ಬರೆದರೆ ವಿಚಾರವಾಗುತ್ತದೆ ಎಂಬುದು ಅವರ ನಂಬಿಕೆ. ಇನ್ನೂರು ಹಾಳೆಯ ದೊಡ್ಡ ವಹಿಯೊಂದನ್ನು ತಂದು ಕಿಟಕಿಯ ಸರಳಿಗೆ ಹುರಿಯಿಂದ ಕಟ್ಟಿದರು. ಅದಕ್ಕೊಂದು ಪೆನ್ಸಿಲ್ಲನ್ನೂ ಕಟ್ಟಿದರು. ಮೊದಲ ಹಾಳೆಯ ಮೇಲೆ ತಮ್ಮ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದರು: "ಚರ್ಚಾ ವಹಿ. ಯಾರು ಬೇಕಾದರೂ ಬರೆಯಬಹುದು. ಹೆಸರು ಹಾಕುವ ಕಡ್ಡಾಯವಿಲ್ಲ. ಸಭ್ಯತೆ ಕಡ್ಡಾಯ."

ಸಭ್ಯತೆ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬೇಕಲ್ಲ? ಅದಕ್ಕಾಗಿ ಸಭೆ ಸೇರಿತು. ಯಾರ ಹೆಸರು ಎತ್ತಿದರೂ ಇನ್ನೊಬ್ಬರು "ಅಂವ ಅವರ ಪೈಕಿ" ಎಂದರು. ಕೊನೆಗೆ ಯಾರೋ ಗೋಡೆಯ ಆಚೆಯ ಎಂಜಿನ್ ಸದ್ದಿನ ಕಡೆ ಕೈ ತೋರಿಸಿದರು. ಅಮರಪ್ಪ ಮೈತುಂಬ ಹಿಟ್ಟು ಹೊತ್ತು ಬಂದು ಬಾಗಿಲಲ್ಲಿ ನಿಂತ.

"ಅಮರಪ್ಪಾ, ನೀ ಯಾರ ಪಕ್ಷಾನೂ ವಹಿಸೂದಿಲ್ಲ, ಹೌದಲ್ಲೋ?" ಮಾಸ್ತರರು ಕೇಳಿದರು.

"ಇರಬಹುದ್ರಿ."

ಆ ಕ್ಷಣವೇ ಅವನ ಕೈಗೆ ಕೆಂಪು ಪೆನ್ಸಿಲ್ಲು ಬಂತು.

ಮೊದಲ ತಿಂಗಳು ಅಂಥ ತೊಂದರೆ ಇರಲಿಲ್ಲ. ಹಲ್ಲುನೋವಿಗೆ ಏನು ಮದ್ದು ಎಂದು ಒಬ್ಬ ಕೇಳಿದ. ಲವಂಗ ಎಂದು ಇನ್ನೊಬ್ಬ ಬರೆದ. ಲವಂಗದಿಂದ ತನ್ನ ಹಲ್ಲು ಬಿದ್ದೇ ಹೋಯಿತು ಎಂದು ಮೂರನೆಯವ ಬರೆದ. ಅಮರಪ್ಪ ದಿನಾ ಸಂಜೆ ಗಿರಣಿ ನಿಲ್ಲಿಸಿ, ಕೈ ತೊಳೆದು, ಮೂವರೂ ಸಭ್ಯರೇ ಎಂದು ಕೆಂಪು ಗುರುತು ಹಾಕಿ ಮನೆಗೆ ಹೋಗುತ್ತಿದ್ದ.

ಒಂದು ಸಂತೆಯ ದಿನ ಹೆಸರಿಲ್ಲದ ಯಾರೋ ಒಂದು ಸಾಲು ಬರೆದು ಹೋದರು: "ಕಳ್ಳಕವಟಗಿ ಎಂಬ ಊರಿನ ಹೆಸರಿನಲ್ಲಿರುವ ಕಳ್ಳ ಯಾರು? ಬಲ್ಲವರು ತಿಳಿಸಬೇಕು."

ಕಳ್ಳಕವಟಗಿ ದೂರದ ಊರಲ್ಲ. ಅಲ್ಲಿಯ ಜನ ಸಂತೆಗೆ ತಿಕೋಟಾಕ್ಕೇ ಬರುವವರು, ಜೋಳ ಬೀಸಿಸಲು ಅಮರಪ್ಪನ ಗಿರಣಿಗೇ ಬರುವವರು. ಆ ಹೆಸರು ಹೇಗೆ ಬಂತೋ ನನಗೂ ಗೊತ್ತಿಲ್ಲ, ಬರೆದವನಿಗಂತೂ ಗೊತ್ತಿರಲಿಲ್ಲ. ಆದರೆ ಮಾತು ಆ ಊರಿಗೆ ಮುಟ್ಟಿತು. ಎರಡೇ ದಿನಕ್ಕೆ ಕಳ್ಳಕವಟಗಿಯ ಕುರಿಗಾರ ಬೀರಣ್ಣ ಕಂಬಳಿ ಹೆಗಲಿಗೇರಿಸಿ ಗಿರಣಿಯ ಮುಂದೆ ನಿಂತ.

"ಅಮರಪ್ಪಣ್ಣಾ, ಆ ವಹಿದಾಗ ನಂದೊಂದು ಉತ್ತರ ಬರದು ಕೊಡು. ನನಗ ಅಕ್ಷರಾ ಬರೂದಿಲ್ಲ."

ಕೇಳಿದವರಿಗೆ ಪತ್ರ ಬರೆದುಕೊಡುವುದು ಅಮರಪ್ಪನಿಗೆ ರೂಢಿ. ಎಂಜಿನ್ ನಿಲ್ಲಿಸಿ ಹೋಗಿ ವಹಿಯ ಮುಂದೆ ಕೂತ. ಬೀರಣ್ಣ ಕಣ್ಣು ಮುಚ್ಚಿ ಹೇಳಿದ: "ಬರಿ. ಅದು ಕಳ್ಳ ಅಲ್ಲ, ಕಳ್ಳಿ. ನಮ್ಮ ಹೊಲದ ಬದುವಿಗೆಲ್ಲಾ ಕಳ್ಳಿ ಗಿಡಾ ಅದಾವ, ಬಂದು ನೋಡಲಿ. ಕೇಳಿದಾವ ಆ ಘೋಣಸಗಿ ಊರಾವ ಇರಬೇಕು. ಘೋಣಸ ಅಂದ್ರ ಮರಾಠಿಯೊಳಗ ಹಾವು. ಕಳ್ಳ ಸಿಕ್ರ ಹಿಡದು ಗಿಡಕ್ಕ ಕಟ್ಟಬಹುದು. ಘೋಣಸ ಸಿಕ್ರ?"

ಅಮರಪ್ಪ ಅಚ್ಚುಕಟ್ಟಾಗಿ ಬರೆದುಕೊಟ್ಟ. ಬೀರಣ್ಣ ಸಮಾಧಾನದಿಂದ ಹೋದ. ಸಂಜೆ ಅಮರಪ್ಪ ಮೇಲ್ವಿಚಾರಕನಾಗಿ ವಹಿ ತೆರೆದು ಓದಿದ. ಹಾವಿನ ಮಾತು ಸಭ್ಯವೆನಿಸಲಿಲ್ಲ. ತಾನೇ ಬರೆದ ಕೊನೆಯ ಮೂರು ಸಾಲಿನ ಮೇಲೆ ತಾನೇ ಕೆಂಪು ಗೀಟು ಎಳೆದ.

ಗೀಟಿನ ಕೆಳಗಿನ ಅಕ್ಷರ ಚೆನ್ನಾಗಿಯೇ ಕಾಣುತ್ತಿತ್ತು. ಅದನ್ನು ಯಾರೋ ಓದಿ ಹೇಳಿದರೆಂದು ಮರುವಾರ ಘೋಣಸಗಿಯ ರೈತ ಭಾಗಪ್ಪ ಚಕ್ಕಡಿ ಕಟ್ಟಿಕೊಂಡು ಬಂದ. ಅವನಿಗೂ ಅಕ್ಷರ ಬರುತ್ತಿರಲಿಲ್ಲ. ಅವನದನ್ನೂ ಅಮರಪ್ಪನೇ ಬರೆದ, ಸಂಜೆ ಅರ್ಧಕ್ಕೆ ಗೀಟು ಹೊಡೆದ.

ಹೀಗೆ ಎಂಟು ತಿಂಗಳು ನಡೆಯಿತು. ಹಲ್ಲುನೋವು ಕೇಳುವವರೇ ಇಲ್ಲವಾದರು. ತಿಕೋಟಾದವರು ಎರಡು ಪಕ್ಷವಾಗಿ ಎರಡೂ ಊರಿಗೆ ಕಡ್ಡಿ ಹಚ್ಚಿದರು. ಸಿಟ್ಟಿಗೆದ್ದ ಇನ್ಯಾರೋ ತಿಕೋಟಾ ಎಂಬ ಹೆಸರನ್ನೇ ಒಡೆಯಬಾರದ ಕಡೆ ಒಡೆದು ಬರೆದುಹೋದರು. ಆ ಹಾಳೆಯನ್ನು ಸಂಗಣ್ಣ ಮಾಸ್ತರರು ಸ್ವತಃ ಹರಿದರು. ಅಮರಪ್ಪ ಆ ಸಂಜೆ ಧೈರ್ಯ ಮಾಡಿ ಒಂದು ನಿಯಮ ಹಾಕಿದ: "ಇನ್ನು ಮುಂದೆ ಕಳ್ಳ, ಹಾವು, ಘೋಣಸ ಈ ಶಬ್ದಗಳನ್ನು ಬರೆಯಬಾರದು."

ಜನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಕಳ್ಳನಿಗೆ "ಆ ಎರಡಕ್ಷರ" ಎಂದು, ಘೋಣಸಕ್ಕೆ "ಆ ಮೂರಕ್ಷರ" ಎಂದು ಬರೆಯತೊಡಗಿದರು.

ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಅಚ್ಚಾಗುವ ಪತ್ರಿಕೆಯನ್ನು ಮೊದಲು ಮೇಲಿನವರು ಓದಿ ಒಪ್ಪಬೇಕಾದ ಕಾಲ. ಅಂಥ ದಿನಗಳಲ್ಲಿ ಒಂದು ಮಧ್ಯಾಹ್ನ, ಬಿಜಾಪುರದಿಂದ ಬೇರೆ ಯಾವುದೋ ಕೆಲಸಕ್ಕೆ ಹೊರಟಿದ್ದ ಒಬ್ಬ ಸಾಹೇಬರ ಜೀಪು ತಿಕೋಟಾದಲ್ಲಿ ಎಂಜಿನ್ ಕಾದು ನಿಂತಿತು. ನೆರಳಿಗೆಂದು ಸಾಹೇಬರು ವಾಚನಾಲಯದಲ್ಲಿ ಕೂತರು. ಕೈಗೆ ವಹಿ ಸಿಕ್ಕಿತು. ತೆರೆದ ಹಾಳೆಯಲ್ಲಿ ಹೀಗಿತ್ತು: "ಆ ಎರಡಕ್ಷರ ನಮ್ಮ ತಲೆಯ ಮೇಲೆ ಇನ್ನೆಷ್ಟು ವರ್ಷ ಕೂತಿರಬೇಕು? ಅದನ್ನು ಕೆಳಗಿಳಿಸಲೇಬೇಕು." ಅದರ ಕೆಳಗೆ: "ಆ ಮೂರಕ್ಷರ ಯಾರನ್ನು ಯಾವಾಗ ಕಚ್ಚುತ್ತದೋ ಹೇಳಲಾಗದು. ಹೆಸರು ಎಲ್ಲರಿಗೂ ಗೊತ್ತು. ಬರೆದರೆ ಕೆಂಪು ಗೀಟು ಬೀಳುತ್ತದೆ."

ಸಾಹೇಬರಿಗೆ ಬಿಸಿಲಿಗಿಂತ ಹೆಚ್ಚು ಬೆವರು ಬಂತು. ಜೀಪು ತಣ್ಣಗಾಗುವ ಹೊತ್ತಿಗೆ ವಹಿ ಮತ್ತು ಅಮರಪ್ಪ ಇಬ್ಬರೂ ಅದರಲ್ಲಿ ಕೂತಿದ್ದರು.

ಬಿಜಾಪುರದ ಕಚೇರಿಯಲ್ಲಿ ಅವನನ್ನು ಮೊದಲು ಒಂದು ಬಾಕಿನ ಮೇಲೆ ಮೂರು ತಾಸು ಕೂಡಿಸಿದರು. ಎಂಜಿನ್ ಸದ್ದಿಲ್ಲದ ಜಾಗದಲ್ಲಿ ಅಷ್ಟು ಹೊತ್ತು ಅವನು ಎಂದೂ ಕೂತವನಲ್ಲ. ಮಾಡಲು ಬೇರೇನೂ ಇರಲಿಲ್ಲವಾಗಿ, ಮೊದಲ ಬಾರಿಗೆ ಅವನು ಆ ಪ್ರಶ್ನೆಯನ್ನೇ ವಿಚಾರ ಮಾಡತೊಡಗಿದ. ಹೌದು, ಹೆಸರು ಎಲ್ಲಿಂದ ಬಂದಿರಬೇಕು?

ಒಳಗೆ ಕರೆದರು.

"ಈ ಎರಡಕ್ಷರ ಯಾರು?" ಸಾಹೇಬರು ಕೇಳಿದರು.

"ಕಳ್ಳರಿ."

"ಯಾವ ಕಳ್ಳ?"

"ಅದ ಗೊತ್ತಾಗವಲ್ದರಿ ಸಾಹೇಬ್ರ. ಎಂಟ ತಿಂಗಳಾತು, ಎಲ್ಲಾರೂ ಹುಡುಕಾಕತ್ತಾರ."

"ಮೂರಕ್ಷರ?"

"ಹಾವರಿ."

ಸಾಹೇಬರು ಪೆನ್ನು ಕೆಳಗಿಟ್ಟು ವಹಿಯನ್ನು ಅವನ ಕಡೆ ತಿರುಗಿಸಿದರು. "ಈ ಸಾಲು ಬರದಾವ ಯಾರು?"

"ನಾ ಬರದೇನ್ರಿ."

"ಇದಕ್ಕ ಉತ್ತರಾ ಕೊಟ್ಟಾವ?"

"ಅದನ್ನೂ ನಾನ ಬರದೇನ್ರಿ."

"ಎರಡನೂ ಹೊಡದಾವ?"

"ನಾನರಿ."

"ಹೊಡದದ್ದಕ್ಕ ಮೇಲ್ವಿಚಾರಕಗ ಬೈದು ಬರದದ್ದು?"

ಅಮರಪ್ಪ ಬಗ್ಗಿ ನೋಡಿದ. "ಅಕ್ಷರ ನನ್ನವ ಅದಾವರಿ."

ಸಾಹೇಬರ ನೌಕರಿಯಲ್ಲಿ ಇಂಥ ಮನುಷ್ಯ ಸಿಕ್ಕಿರಲಿಲ್ಲ. ಒಬ್ಬನೇ ಕೂತು ಎರಡು ಊರಾಗಿ ಜಗಳಾಡಿ, ತನ್ನನ್ನು ತಾನೇ ಹೊಡೆದು, ಹೊಡೆದದ್ದಕ್ಕೆ ತನ್ನನ್ನು ತಾನೇ ಬೈದುಕೊಂಡವನು ಹುಚ್ಚನಿರಬೇಕು, ಇಲ್ಲವೇ ಬಹಳ ದೊಡ್ಡ ಸಂಚುಗಾರನಿರಬೇಕು. ನಾಡಿದ್ದು ಸಾಕ್ಷಿ ಕರೆದುಕೊಂಡು ಬಾ, ಇಲ್ಲವಾದರೆ ಮುಂದಿನದು ಬೇರೆ, ಎಂದು ಕಳಿಸಿದರು.

ಆ ಎರಡು ದಿನ ಅಮರಪ್ಪ ರೊಟ್ಟಿ ಮುಟ್ಟಲಿಲ್ಲ. ಕಾಶಿಬಾಯಿ ತಾನೇ ಸುದ್ದಿ ಕಳಿಸಿ ಬೀರಣ್ಣ, ಭಾಗಪ್ಪ ಇಬ್ಬರನ್ನೂ ಕರೆಸಿದಳು. ಇಬ್ಬರೂ ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ಕೂತರು. ಅಮರಪ್ಪ ನಡುವೆ ಕೂತ.

"ಇದನ್ನೆಲ್ಲಾ ನೀವ ಹೇಳಿ ಬರಸೀರೇನು?" ಸಾಹೇಬರು ಕೇಳಿದರು.

"ಹೌದ್ರಿ," ಎಂದ ಭಾಗಪ್ಪ. "ಆದ್ರ ಈಂವ ನಂದು ಅರ್ಧಾ ಹೊಡದಾನ."

"ನಂದು ಪೂರಾ ಹೊಡದಾನ್ರಿ ಸಾಹೇಬ್ರ!" ಬೀರಣ್ಣ ಮುಂದೆ ಬಂದ. "ಅಂವಂದು ಅರ್ಧಾ ಉಳಿಸ್ಯಾನ! ಇದೆಂಥಾ ನ್ಯಾಯಾ?"

"ಪುರಾವೆ ಏನೈತಿ?"

ಪುರಾವೆ ಅವರ ಬಾಯಲ್ಲೇ ಇತ್ತು. ಓದು ಬಾರದವರ ನೆನಪು ದೊಡ್ಡದು. ಕೆಂಪು ಗೀಟಿನ ಕೆಳಗೆ ಹೋದ ತನ್ನ ಮಾತನ್ನು ಬೀರಣ್ಣ ಜ್ಯೇಷ್ಠ ಮಾಸದಿಂದ ಶುರು ಮಾಡಿ ಒಂದೂ ಬಿಡದೆ ಹೇಳಿದ. ಭಾಗಪ್ಪ ತನ್ನದನ್ನು ಹೇಳಿದ. ಸಾಹೇಬರು ವಹಿಯ ಮೇಲೆ ಬೆರಳಿಟ್ಟು ನೋಡುತ್ತ ಹೋದರು. ಅಕ್ಷರಕ್ಕೆ ಅಕ್ಷರ ಕೂಡಿತು. ನಡುವೆ ಇಬ್ಬರೂ ಇದ್ದದ್ದನ್ನು ಬಿಟ್ಟು ಹೊಸ ಬೈಗಳಕ್ಕೆ ಇಳಿದಾಗ ಪಕ್ಕದ ಕೋಣೆಯ ಗುಮಾಸ್ತರೂ ಬಂದು ನಿಂತರು. ಅವರಲ್ಲೊಬ್ಬ, ಅದು ಕಳ್ಳಿಯೂ ಅಲ್ಲ, ಕಲ್ಲು ಇರಬೇಕು ಎಂದ. ಇನ್ನೊಬ್ಬ ಅವನಿಗೆ, ನಿನಗೆ ವ್ಯಾಕರಣ ಗೊತ್ತಿಲ್ಲ ಎಂದ. ಸಾಹೇಬರು ಮೇಜು ಕುಟ್ಟಿದರು.

ಅಮರಪ್ಪನನ್ನು ಬಿಟ್ಟರು. ವಹಿಯನ್ನು ಮಾತ್ರ ಇಟ್ಟುಕೊಂಡರು. ಬಾಗಿಲ ತನಕ ಬಂದ ಸಾಹೇಬರು ದನಿ ತಗ್ಗಿಸಿ, "ನಮ್ಮೂರ ಹೆಸರೂ ಸ್ವಲ್ಪ ಹಂಗ ಐತಿ" ಎಂದರು. ಯಾವ ಊರೆಂದು ಹೇಳಲಿಲ್ಲ.

ಸ್ಟೇಷನ್ ರಸ್ತೆಯ ಒಂದು ಹೋಟೆಲಿನಲ್ಲಿ ಮೂವರೂ ಚುರಮುರಿ, ಮಿರ್ಚಿ ಭಜಿ ತಿಂದರು. ಎರಡು ದಿನದ ಹಸಿವು, ಅಮರಪ್ಪ ಆರು ಭಜಿ ತಿಂದ. ಜೀವ ತಣ್ಣಗಾಗಿ ಎಲ್ಲರೂ ಚಹಾಕ್ಕೆ ಕಾಯುತ್ತಿರುವಾಗ ಭಾಗಪ್ಪ ಅಂದ: "ಎಂಟ ತಿಂಗಳು ನಮ್ಮಿಬ್ಬರದೂ ಬರದೀ. ಖರೇ ಹೇಳು, ನಿನಗೇನ ಅನಸ್ತೈತಿ?"

ಅವನ ಜನ್ಮದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಚೇರಿಯ ಬಾಕಿನ ಮೇಲೆ ಕಂಡುಕೊಂಡದ್ದು ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಅಮರಪ್ಪ ಹಿಗ್ಗಿನಿಂದ ಹೇಳಿದ: "ನೋಡ್ರಿ, ತಮ್ಮ ಊರಿಗೆ ಯಾರರೆ ಕಳ್ಳ ಅಂತ, ಹಾವು ಅಂತ ಹೆಸರ ಇಟ್ಕೋತಾರೇನು? ಬಾಜೂ ಊರಾವ್ರ ಇಟ್ಟಿರಬೇಕು. ನಿಮ್ಮಿಬ್ಬರಿಗೂ ಬಾಜೂ ಊರು ಯಾವ್ದು? ತಿಕೋಟಾ. ಎರಡೂ ಹೆಸರು ನಮ್ಮಾವ್ರ ಇಟ್ಟಾರ."

ಚಹಾ ಬಂತು. ಯಾರೂ ಮುಟ್ಟಲಿಲ್ಲ.

"ಅಂದ್ರ ಕಳ್ಳ ಅನ್ನೂದು ಖರೇ ಅಂತೀ?" ಬೀರಣ್ಣ ಕೇಳಿದ.

"ಅಂದ್ರ ಹಾವು ಅನ್ನೂದೂ ಖರೇ?" ಭಾಗಪ್ಪ ಕೇಳಿದ.

ಊರಿಗೆ ಹೋಗುವ ಬಸ್ಸಿನಲ್ಲಿ ಅವರಿಬ್ಬರೂ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಒಬ್ಬರ ಚಂಚಿಯಿಂದ ಇನ್ನೊಬ್ಬರು ಎಲೆ ಅಡಿಕೆ ತಿಂದರು. ಅಮರಪ್ಪ ಒಬ್ಬನೇ ಹಿಂದೆ ಕೂತ. ತಿಕೋಟಾದಲ್ಲಿ ಇಳಿಯುವಾಗ ಮಾತು ಅವನಿಗಿಂತ ಮೊದಲು ಇಳಿದಿತ್ತು. "ಎರಡೂ ಊರಿಗೆ ಹೆಸರಿಟ್ಟ ಪಾಪ ನಮ್ಮ ತಲಿಗೆ ಕಟ್ಟತೀಯೇನೋ?" ಎಂದು ಸಂಗಣ್ಣ ಮಾಸ್ತರರು ವಾಚನಾಲಯದ ಮೆಟ್ಟಿಲ ಮೇಲೇ ಕೂಗಾಡಿದರು.

ಹೊಸ ವಹಿ ಬಂತು. ಅದರ ಮೊದಲ ಹದಿನೆಂಟು ಹಾಳೆ ಅಮರಪ್ಪನ ಮೇಲೆಯೇ ತುಂಬಿದವು. ಅವನ್ನು ಹೊಡೆದರೆ ಪಕ್ಷಪಾತ, ಬಿಟ್ಟರೆ ಸಭ್ಯತೆಗೆ ಭಂಗ. ಇದರ ಮೇಲೆ ಮರುವಾರ ಬೀರಣ್ಣ, ಭಾಗಪ್ಪ ಜೋಡಿಯಾಗಿ ಗಿರಣಿಗೆ ಬಂದರು.

"ಅಮರಪ್ಪಣ್ಣಾ, ನಿನ್ನ ಮ್ಯಾಲ ಬರಸೂದೈತಿ. ಎಂಜಿನ್ ಬಂದ್ ಮಾಡು," ಎಂದ ಬೀರಣ್ಣ.

ಅಮರಪ್ಪ ಕೈ ತೊಳೆದು ಬಂದು ಪೆನ್ಸಿಲ್ಲು ಹಿಡಿದ.

"ಬರಿ. ತಿಕೋಟಾದ ಗಿರಣಿಯವಗ ಬುದ್ಧಿ ಇಲ್ಲ."

ಅಮರಪ್ಪ ಪೆನ್ಸಿಲ್ಲು ಎತ್ತಿದ. "'ಬುದ್ಧಿ ಕಡಿಮಿ' ಅಂತ ಹಾಕಲೇನು? ಸಂಜೀಕ ಹೊಡಿಯೂದು ತಪ್ಪತೈತಿ."

ಇಬ್ಬರೂ ಮುಖ ನೋಡಿಕೊಂಡು ಒಪ್ಪಿದರು.

ಅಂದು ಸಂಜೆ ಅವನು ಕೆಂಪು ಪೆನ್ಸಿಲ್ಲನ್ನು ಮಾಸ್ತರರ ಮುಂದಿಟ್ಟು, ತನ್ನಿಂದ ಆಗದು ಎಂದ. ಮತ್ತೆ ಸಭೆ ಸೇರಿತು, ಮತ್ತೆ ಯಾರೂ ಯಾರನ್ನೂ ಒಪ್ಪಲಿಲ್ಲ. ಗಂಡನನ್ನು ಊಟಕ್ಕೆ ಕರೆಯಲು ಬಂದ ಕಾಶಿಬಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಅದ್ರಾಗೇನೈತ್ರಿ ಮಾಸ್ತರ, ನಾ ನೋಡ್ಕೋತೇನಿ ತಗೋರಿ."

"ನಿಮಗ ಓದಾಕ ಬರೂದಿಲ್ಲಲ್ಲ ತಂಗೀ?"

"ಇವ್ರಿಗೆ ಬರತಿತ್ತಲ್ಲ, ಏನಾತು?"

ಮಾಸ್ತರರು ಪೆನ್ಸಿಲ್ಲನ್ನು ಅವಳ ಕಡೆ ಸರಿಸಿದರು.

ಕಾಶಿಬಾಯಿ ಕೆಂಪು ಪೆನ್ಸಿಲ್ಲನ್ನು ಮುಟ್ಟಲೇ ಇಲ್ಲ. ಸಂಜೆ ಬಂದು ಆ ದಿನದ ಹಾಳೆಯನ್ನು ತಿರುವಿ, ಅದರ ಹಿಂಬದಿಗೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದಳು. ನುಣ್ಣಗಿದ್ದರೆ ಬಿಡುತ್ತಿದ್ದಳು. ಅಕ್ಷರ ಒತ್ತಿ ಹಿಂದೆ ಉಬ್ಬಿ ಬಂದಿದ್ದರೆ ಬರೆದವನಿಗೆ ಸಿಟ್ಟಿತ್ತು ಎಂದು ಹಾಳೆ ಹರಿದು ಒಲೆಗೆ ಒಯ್ಯುತ್ತಿದ್ದಳು. ಯಾರು, ಏನು, ಯಾವ ಊರು, ಅವಳಿಗೆ ಬೇಕಿರಲಿಲ್ಲ. ಜನ ಮೊದಲು ನಕ್ಕರು. ಆಮೇಲೆ ಹಗುರಾಗಿ ಬರೆಯುವುದನ್ನು ಕಲಿತರು. ಹಗುರಾಗಿ ಬರೆಯುತ್ತ ಕೂತರೆ ಬೈಗಳ ಬೇಗ ಮುಗಿದುಹೋಗುತ್ತದಂತೆ. 1979ರ ತನಕ ಆ ವಹಿ ನಡೆಯಿತು. ಹಲ್ಲುನೋವಿನವರು ಮತ್ತೆ ಬಂದರು. ಬೀರಣ್ಣ ತನ್ನ ಮಗಳ ಮದುವೆಗೆ ಎಲ್ಲರೂ ಬರಬೇಕೆಂದು ಅದರಲ್ಲೇ ಬರೆಸಿದ. ಘೋಣಸಗಿಯಿಂದ ಎರಡು ಚಕ್ಕಡಿ ಜನ ಹೋದರು.

ಅಮರಪ್ಪನೂ ಒಮ್ಮೆ, ಯಾರೂ ಇಲ್ಲದ ಮಧ್ಯಾಹ್ನ, ಊರಿನ ಹೆಸರುಗಳ ಬಗ್ಗೆ ತನ್ನ ವಿಚಾರವನ್ನು ಒಂದು ಪೂರ್ತಿ ಹಾಳೆ ಬರೆದ. ಸಂಜೆ ಕಾಶಿಬಾಯಿ ಹಾಳೆ ತಿರುವಿ ಹೆಬ್ಬೆರಳು ಆಡಿಸಿದಳು. ಅಕ್ಷರ ಉಬ್ಬಿತ್ತು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಗಂಡನ ಮುಖ ನೋಡದೆ ಹರಿದು, ಒಲೆಗೆ ಒಯ್ಯದೆ, ಮಡಚಿ ಸೆರಗಿಗೆ ಕಟ್ಟಿಕೊಂಡಳು.