ಆಡು ಹೋಗುತ್ತವೆ, ಜನ ಹೋಗಲ್ಲ

ಬೆಳಿಗ್ಗೆ ಕೊಟ್ಟಿಗೆ ಬಳಿದೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಎರಡು ಕಂಬಳಿ ಒಗೆದು ಬೇಲಿಗೆ ಹಾಕಿದೆ. ಸ್ಟವ್ ಉಜ್ಜಿದೆ — ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ. ಇಷ್ಟೆಲ್ಲ ಮಾಡಿದ್ದು ಈ ಒಂದು ಸಾಲು ಬರೆಯುವುದನ್ನು ತಪ್ಪಿಸಿಕೊಳ್ಳಲಿಕ್ಕೆ: ನಾಗಮಣಿ, ಬಂಡೆಯ ದಾರಿ ಮುಚ್ಚಿಸಿದ ಮಾತು ನನ್ನದು.

ಚಿಕ್ಕವಳಿದ್ದಾಗಿಂದ ನೀನು ನಿಮ್ಮಪ್ಪನ ಆಡು ಹೊಡೆದುಕೊಂಡು, ನಮ್ಮ ಹೊಲದ ಬದುವಿನ ಮೇಲೆ ಹಾದು, ಪಕ್ಕದ ಬೀಳು ಜಮೀನು ದಾಟಿ ಆ ಬಂಡೆಗೆ ಹೋಗುತ್ತಿದ್ದವಳು. ಆಮೇಲೆ ಹಗ್ಗ, ಕೊಕ್ಕೆ ಹೊತ್ತು ಬಂಡೆ ಹತ್ತುವವರು ಬಂದರು. ಬರಿಗಾಲಲ್ಲೇ ಅವರಿಗಿಂತ ಮೊದಲು ತುದಿ ಮುಟ್ಟಿದ ನಿನಗೆ ಹಗ್ಗ ಕಟ್ಟುವುದು ಕಲಿಸಿದರು. ಭಾನುವಾರ ಮಧುಗಿರಿಯ ಹಾಸ್ಟೆಲ್ ಹುಡುಗಿಯರಿಗೆ ನೀನೇ ಹತ್ತುವುದನ್ನು ಹೇಳಿಕೊಡತೊಡಗಿದೆ. "ಬಂಡೆ ಮೇಷ್ಟ್ರಮ್ಮ" ಅಂತ ಊರೇ ರೇಗಿಸುತ್ತಿತ್ತು.

ನನಗೆ ಮಾತ್ರ ರೋಸಿಹೋಗಿತ್ತು. "ಅಕ್ಕಾ ನೀರು, ಅಕ್ಕಾ ಚಾರ್ಜರ್, ಅಕ್ಕಾ ಬಾತ್‌ರೂಮ್" — ಬಂದವರೆಲ್ಲರದೂ ಇದೇ ರಾಗ. ಹೊಲದ ತಡಿಕೆ ಬಾಗಿಲು ತೆಗೆದವರು ಮುಚ್ಚಬೇಕಲ್ಲ? ಎಷ್ಟು ಸಲ ಹೇಳುವುದು! ನಗುನಗುತ್ತಾ ತಲೆಯಾಡಿಸಿ, ತೆರೆದಿಟ್ಟೇ ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ದಿನವೂ ಹಾಗೇ — ದನ ನುಗ್ಗಿ, ಹೂ ಬಿಟ್ಟ ಕಡಲೆಕಾಯಿ ಗಿಡ ತುಳಿದಿದ್ದವು. ಅಟ್ಟಿ ಸುಸ್ತಾಗಿ ಬರುವಷ್ಟರಲ್ಲಿ ಸರ್ವೆಯವರು ನಿಂತಿದ್ದರು. ಆ ಬೀಳು ಕೊಂಡವರು ತಂತಿಬೇಲಿ ಹಾಕಬೇಕಂತೆ. ಅದರೊಳಗೆ ಜನ ಓಡಾಡಿ ಬಿದ್ದ ರೂಢಿದಾರಿ ಇದೆಯೋ ಇಲ್ಲವೋ ಅಕ್ಕಪಕ್ಕದವರು ಹೇಳಬೇಕಂತೆ.

"ಈ ದಾರೀಲಿ ಜನ ಓಡಾಡ್ತಾರೇನಮ್ಮ?"

"ಆಡು ಹೋಗ್ತವೆ. ಜನ ಹೋಗಲ್ಲ."

ಅಷ್ಟೇ. ಬರೆದುಕೊಂಡರು, ಸಹಿ ಹಾಕಿದೆ. ಯಾರೂ ಹೆದರಿಸಿರಲಿಲ್ಲ — ಹೆದರಿಸಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಒಂದು ತಡಿಕೆಯ ಸಿಟ್ಟು!

ಬೇಲಿ ಎದ್ದಿತು. ಬಂಡೆ ಈಗಲೂ ಸರ್ಕಾರದ್ದೇ, ಎಲ್ಲರದೂ — ಅದರ ಬುಡಕ್ಕೆ ಹೋಗಲು ಮಾತ್ರ ದಾರಿಯಿಲ್ಲ. ಹೊರಗಿನವರು ಬೇರೆ ಬೆಟ್ಟ ಹುಡುಕಿಕೊಂಡರು. ನಿನಗೂ ನಿನ್ನ ಹುಡುಗಿಯರಿಗೂ ಇದ್ದದ್ದು ಅದೊಂದೇ. ರೂಢಿದಾರಿ ಇಲ್ಲ ಅನ್ನುವ ಆದೇಶದ ಕಾಗದ ಹಿಡಿದು ನಮ್ಮ ಜಗಲಿಗೇ ಬಂದೆ ನೀನು. ಅದರಲ್ಲಿ ನನ್ನ ಹೆಸರಿರಲಿಲ್ಲ.

"ಆಡು ಒಂದೇ ಹೋಗ್ತವಂತೆ ಕಣಕ್ಕ! ಹಿಂದ್ಗಡೆ ಕೋಲ್ ಇಡ್ಕಂಡು ನಾನಿರ್ಲಿಲ್ವಾ? ಅಂಗಾರೆ ನಾನೂ ಆಡೇ ಬುಡು. ಯಾವೋನಕ್ಕ ಇಂಗ್ ಬರ್ಸಿರೋನು?"

"ಯಾವನೋ ಕಣಮ್ಮ. ಕಾಫಿ ಕುಡಿ," ಅಂದೆ.

ನೀನು ಕುಡಿದೆ. ಲೋಟ ತೊಳೆದಿಟ್ಟೇ ಹೋದೆ. ಮೊದಲನೆಯ ಮಾತಿಗಾದರೂ ಸಿಟ್ಟಿತ್ತು. ಈ ಎರಡನೆಯದಕ್ಕೆ — ಏನಿತ್ತು? ನಾಲ್ಕು ವರ್ಷ ಹುಡುಕಿದ್ದೇನೆ, ಹೇಡಿತನ ಬಿಟ್ಟು ಬೇರೆ ಪದ ಸಿಕ್ಕಿಲ್ಲ.

ಸೋಮವಾರ ತಾಲ್ಲೂಕು ಕಚೇರಿಗೆ ಹೋಗುತ್ತೇನೆ. ನಾನು ಸುಳ್ಳು ಹೇಳಿದ್ದೆ, ಆ ದಾರಿಯಲ್ಲಿ ಜನ ಹೋಗುತ್ತಿದ್ದರು, ನಾಗಮಣಿ ದಿನಾ ಹೋಗುತ್ತಿದ್ದಳು ಅಂತ ಬರೆದುಕೊಡುತ್ತೇನೆ. ಬೇಲಿ ಕೀಳುತ್ತಾರೋ ಇಲ್ಲವೋ — ಗೊತ್ತಿಲ್ಲ. ಅದಕ್ಕೂ ಮೊದಲು, ನಾಳೆ, ಈ ಕಾಗದ ನಿನ್ನ ಕೈಗೆ ಕೊಟ್ಟು, ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೂ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ.

"ಇಷ್ಟ್ ವರ್ಸ ಬಾಯ್ ಮುಚ್ಕಂಡು ಇದ್ಬುಟ್ಯಾ? ಆ ಮಗಾ ನಿನ್ನ ಅಕ್ಕಾ ಅಂತದಲ್ಲೇ!"

ರಾಗಿಮುದ್ದೆ, ಹುರುಳಿಕಾಳು ಸಾರು. ಅವರು ಅರ್ಧ ಮುದ್ದೆ ಬಿಟ್ಟು ಎದ್ದರು. ಮೊದಲು ಮಲಗಿದ್ದೂ ಅವರೇ, ಗೋಡೆ ಕಡೆ ತಿರುಗಿಕೊಂಡು.