ವಾತಿ ಆಂಟಿಯ ಪಕಾರ

ಮೊನ್ನೆ ಇಲ್ಲಿ, ಅಮೆರಿಕದ ಜಾರ್ಜ್‌ಟೌನ್‌ನಲ್ಲಿ, ನಮ್ಮ ಪಕ್ಕದ ಮನೆಯವರು ಅನ್ನಕ್ಕೆ ಏನೋ ಎಲೆ ಹಾಕಿ ಬೇಯಿಸುತ್ತಿದ್ದರು. ಕೇದಿಗೆಗೆ ಹತ್ತಿರದ, ಆದರೆ ಕೇದಿಗೆಯಲ್ಲದ ಒಂದು ಪರಿಮಳ ಕಿಟಕಿಯಿಂದ ತೇಲಿಬಂತು. ನಿಮಗೂ ಹೀಗಾಗುತ್ತದಲ್ಲ, ಮೂಗು ಮೊದಲು ಗುರುತಿಸಿ, ಹೆಸರು ಆಮೇಲೆ ನೆನಪಾಗುವುದು? ನನಗೆ ನೆನಪಾದದ್ದು ವಾತಿ ಆಂಟಿಯ ಊಟದ ಡಬ್ಬಿ.

ಏಳೆಂಟು ವರ್ಷಗಳ ಹಿಂದೆ ನಾವು ಇದೇ ದೇಶದ ಇರ್ವಿಂಗ್ ಎಂಬ ಊರಿನಲ್ಲಿದ್ದೆವು. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಮನೆ ಹತ್ತಿರದ ಲೈಬ್ರರಿಯಲ್ಲಿ, ಹೊರದೇಶದಿಂದ ಬಂದವರಿಗೆ ಇಂಗ್ಲಿಷ್ ಹೇಳಿಕೊಡಲು ವಾಲಂಟಿಯರ್ ಆಗಿ ಸೇರಿಕೊಂಡೆ. ನಿನ್ನ ಇಂಗ್ಲಿಷೇ ಇನ್ನೂ ಮೈಸೂರು ದಾಟಿಲ್ಲವಲ್ಲ ಎಂದು ನನ್ನ ಗಂಡ ನಕ್ಕಿದ್ದರು. ಸುಳ್ಳಲ್ಲ. ನಾನು 'ಥ್ಯಾಂಕ್ಸ್' ಎಂದರೆ ಇಲ್ಲಿಯವರಿಗೆ 'ಟ್ಯಾಂಕ್ಸ್' ಎಂದೇ ಕೇಳಿಸುತ್ತಿತ್ತು.

ವಾತಿ ಆಂಟಿ ಇಂಡೊನೇಷ್ಯಾದ ಬಾಂಡುಂಗ್ ಕಡೆಯವರು. ಮಗಳ ಜೊತೆ ಇರಲು ಬಂದಿದ್ದರು. ಅಳಿಯ ಅಮೆರಿಕದವರು. ಅವರ ಪಾಠಕ್ಕೆಂದು ನಾನು ಇಂಗ್ಲಿಷಿನ ಮತ್ತು ಅವರ ಭಾಷೆಯ ಧ್ವನಿಗಳನ್ನು ಅಕ್ಕಪಕ್ಕ ಇಟ್ಟು ನೋಡತೊಡಗಿದೆ. ಅವರಲ್ಲಿ ಹ್ರಸ್ವ ದೀರ್ಘವಾದರೆ ಅರ್ಥ ಬದಲಾಗುವುದಿಲ್ಲ. ಹಾಗಾಗಿ 'ಶಿಪ್' ಎಂಬ ಹಡಗೂ 'ಶೀಪ್' ಎಂಬ ಕುರಿಯೂ ಅವರ ಬಾಯಲ್ಲಿ ಒಂದೇ. ಅವರ 'ಬಹಾಸಾ' ನಮ್ಮ ಭಾಷೆ, ಅವರ 'ಸುವಾರಾ' ನಮ್ಮ ಸ್ವರ ಎಂದು ಗೊತ್ತಾದ ದಿನ, ದೂರದ ನೆಂಟರು ಸಿಕ್ಕಂತೆ ಇಬ್ಬರೂ ಪಾಠ ಮರೆತು ಕೂತೆವು.

ತಾವು ಕ್ಲಾಸಿಗೆ ಬಂದ ಕಾರಣವನ್ನು ಆವತ್ತೇ ಹೇಳಿದರು. ಮೂರು ವರ್ಷದ ಮೊಮ್ಮಗಳ ಹೆಸರು ಫೇತ್, ನಂಬಿಕೆ ಎಂದರ್ಥ. ಆಂಟಿಯ ಊರ ಕಡೆ ಫಕಾರ ಪಕಾರವಾಗಿಬಿಡುತ್ತದೆ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಸಿರು ಬಿಡುವ ಆ ಕೊನೆಯ ಧ್ವನಿಯಂತೂ ಅವರಲ್ಲಿ ಇಲ್ಲವೇ ಇಲ್ಲ. ಕರೆಯಹೋದರೆ ಬಾಯಿಗೆ ಬರುತ್ತಿದ್ದದ್ದು 'ಪಾಯಿತ್'.

"ನಮ್ಮಲ್ಲಿ ಪಾಯಿತ್ ಅಂದ್ರೆ ಕಹಿ," ಎಂದರು. "ಮೊಮ್ಮಗಳನ್ನ ಕಹಿ ಅಂತ ಹೇಗೆ ಕರೀಲಿ? ಅದಕ್ಕೇ ಹೆಸರು ಹಿಡಿದು ಕರೆಯೋದೇ ಇಲ್ಲ."

ಹಡಗು, ಕುರಿಗಳನ್ನೆಲ್ಲ ಪಕ್ಕಕ್ಕಿಟ್ಟೆವು. ಮನೆಯಿಂದ ಕನ್ನಡಿ ತಂದೆ. ತುಟಿ ಎರಡೂ ಕೂಡಿದರೆ ಪ. ಕೆಳತುಟಿಯ ಮೇಲೆ ಹಲ್ಲು ಕೂತು ಗಾಳಿ ಸೋರಿದರೆ ಫ. ನಮ್ಮಲ್ಲಿ ತಪ್ಪು ಮಾತಾಡಿದ ಮೇಲೆ ನಾಲಗೆ ಕಚ್ಚಿಕೊಳ್ಳುತ್ತೇವೆ. ಇಲ್ಲಿ ಕಚ್ಚಿಕೊಂಡರೇ ಮಾತು ಸರಿ. ನನ್ನದೂ ಅಷ್ಟಕ್ಕಷ್ಟೇ ಆದ್ದರಿಂದ ಒಂದೇ ಕನ್ನಡಿಯ ಮುಂದೆ ಇಬ್ಬರೂ ನಾಲಗೆ ಚಾಚಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು.

ಚಳಿ ಮುಗಿಯುತ್ತಿದ್ದ ಒಂದು ಮಧ್ಯಾಹ್ನ ಮಗಳು ಅವರನ್ನು ಕರೆದೊಯ್ಯಲು ಬಂದಿದ್ದಳು. ಮಗು ಪುಸ್ತಕದ ಕಪಾಟುಗಳ ನಡುವೆ ಓಡಿತು. ಆಂಟಿ ಕೆಳತುಟಿಯನ್ನು ಹಲ್ಲಿಗೆ ಒತ್ತಿ, ನಿಧಾನವಾಗಿ, "ಫೇತ್" ಎಂದರು. ಮಗು ಗಕ್ಕನೆ ನಿಂತು ತಿರುಗಿ ನೋಡಿತು. ಅಜ್ಜಿಯ ದನಿಯಲ್ಲಿ ತನ್ನ ಹೆಸರನ್ನು ಅದು ಕೇಳಿದ್ದು ಅದೇ ಮೊದಲು. ಆಂಟಿ ನನ್ನ ಕೈ ಹಿಡಿದುಕೊಂಡು ತುಂಬ ಹೊತ್ತು ಬಿಡಲಿಲ್ಲ.

ಆ ಬೇಸಿಗೆಯಲ್ಲಿ ಅವರೆಲ್ಲ ಹ್ಯೂಸ್ಟನ್‌ಗೆ ಶಿಫ್ಟ್ ಆದರು. ಮೊದಮೊದಲು ಫೋನ್, ಆಮೇಲೆ ಹಬ್ಬಕ್ಕೊಂದು ಮೆಸೇಜ್, ಆಮೇಲೆ ಅದೂ ಇಲ್ಲ. ನಾವೂ ಇತ್ತ ಜಾರ್ಜ್‌ಟೌನ್‌ಗೆ ಬಂದೆವು. ನನಗೆ ಕೆಲಸ ಸಿಕ್ಕಿತು. ಜೊತೆಗೆ ಕೂತು ಹಾಗೆ ನಗುವವರು ಸಿಗಲಿಲ್ಲ.

ಮೊನ್ನೆ ಆ ಪರಿಮಳ ಸುಮ್ಮನಿರಗೊಡಲಿಲ್ಲ. ಅವರ ಹ್ಯೂಸ್ಟನ್ ಮನೆಯ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದವಳು ಫೇತ್. ಅಜ್ಜಿ ಹೋದ ವರ್ಷ ಬಾಂಡುಂಗ್‌ಗೆ ಮರಳಿದರು, ಕಿವಿ ಮಂದವಾಗಿದೆ, ಫೋನಿನಲ್ಲಿ ಮಾತಾಡಲಾಗುವುದಿಲ್ಲ ಎಂದಳು. ನಿನ್ನ ಹೆಸರು ಹೇಳಲು ಅವರಿಗೆ ಕಲಿಸಿದವಳು ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ಇಂಗ್ಲಿಷಿನಲ್ಲಿ ನಗುತ್ತ ಹೇಳಿದಳು: "ಸರಿಯಾಗಿ ಫೇತ್ ಅಂತಿದ್ದದ್ದು ಬೈಯುವಾಗ ಮಾತ್ರ. ಮುದ್ದಿಗೆ ಪಾಯಿತ್. ಕಹಿ ಅಂದ್ರೂ ಪರವಾಗಿಲ್ಲ, ಹಾಗೇ ಕರಿ ಅಂತ ನಾನೇ ಹೇಳಿದ್ದೆ." ಆಮೇಲೆ ಕೇಳಿದಳು: "ಈಗ ಯಾರೂ ಹಾಗೆ ಕರೆಯಲ್ಲ. ನೀವು ಒಂದ್ಸಲ ಹೇಳ್ತೀರಾ, ಅವರ ಥರ?"

ತಿಂಗಳುಗಟ್ಟಲೆ ಕನ್ನಡಿ ಹಿಡಿದು ಓಡಿಸಿದ ಪಕಾರ ಅದು. ಎರಡೂ ತುಟಿಗಳನ್ನು ಮೆಲ್ಲಗೆ ಕೂಡಿಸಿ, ಕೊನೆಯ ತಕಾರವನ್ನು ಅರ್ಧ ನುಂಗಿ, "ಪಾಯಿತ್" ಎಂದೆ.

"ಇನ್ನೊಂದ್ಸಲ," ಎಂದಳು.