ಉಸಿರು ಮಾತ್ರ ಬರುವ ಬಿಳಿ ಕೀ

ಪೆಟ್ಟಿಗೆಯ ಕೊಂಡಿ ತೆಗೆದಾಗ ಮೊದಲು ಬಂದದ್ದು ನಶ್ಯದ ವಾಸನೆ. ಆಮೇಲೆ ಹಳೆಯ ತೊಗಲು, ನುಸಿಗುಳಿಗೆ... ಹಾರ್ಮೋನಿಯಂ ಮೇಷ್ಟ್ರು ತೀರಿಕೊಂಡು ತಿಂಗಳಾದ ಮೇಲೆ ಅವರ ಮಗಳು ಅದನ್ನು ತಂದು ನನ್ನ ಹೊಲಿಗೆ ಮೆಷಿನ್ ಪಕ್ಕ ಇಟ್ಟು, "ಅಪ್ಪ ನಿಮಗೇ ಕೊಡು ಅಂದಿದ್ರು ಅಕ್ಕ" ಎಂದು ಹೇಳಿ ಹೋಗಿದ್ದಳು. ನಡುವಿನ ಬಿಳಿ ಕೀ ಒತ್ತಿ ನೋಡಿದೆ. ಹಿಂದಿನಂತೆಯೇ ಉಸಿರು ಮಾತ್ರ ಬಂತು, ಸ್ವರ ಬರಲಿಲ್ಲ.

ಮೇಷ್ಟ್ರು ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನ ಕಡೆಯವರು. ಕೋಲಾರದಲ್ಲಿ ನನ್ನ ಟೈಲರಿಂಗ್ ಅಂಗಡಿಯ ಪಕ್ಕದ ಕೋಣೆಯಲ್ಲಿ ನಮ್ಮ ಬೀದಿಯ ನಾಟಕ ಮಂಡಳಿಗೆ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಆ ಕೀ ಕೆಟ್ಟು ಎಷ್ಟು ವರ್ಷವಾಗಿತ್ತೋ... ರಿಪೇರಿ ಮಾಡಿಸಿರಲಿಲ್ಲ. "ಒಂದು ಸ್ವರಕ್ಕಾದ್ರೂ ನಿಮ್ಮ ಗಂಟಲು ನಂಬ್ಕೊಳ್ರಯ್ಯ" ಎನ್ನುತ್ತಿದ್ದರು. ಹಾಡು ಅಲ್ಲಿಗೆ ಬಂದಾಗ ಎಲ್ಲರೂ ಆ ಸ್ವರವನ್ನು ಎತ್ತಿ ಹಾಡಬೇಕು. ಅದೇ ರೂಢಿಯಾಗಿತ್ತು.

ಹೆಣ್ಣು ಪಾತ್ರದವರನ್ನು ಹೊರಗಿನಿಂದ ಕರೆಸುವುದು ಮಂಡಳಿಯ ಪದ್ಧತಿ. ಅವರು ಪ್ರದರ್ಶನದ ದಿನವಷ್ಟೇ ಬರುತ್ತಿದ್ದರು. ಅಲ್ಲಿಯವರೆಗೆ ರಾಣಿಯ ಹಾಡನ್ನು ಮೇಷ್ಟ್ರೇ ಹಾಡಬೇಕಿತ್ತು. ಒಂದು ದಿನ ಕೆಮ್ಮು ಬಂದು, ಸರಿಯಾಗಿ ಆ ಸ್ವರದ ಹತ್ತಿರ ಅವರ ದನಿ ನಿಂತಿತು. ಗೋಡೆಯ ಈಚೆ ರವಿಕೆ ಹೊಲಿಯುತ್ತಿದ್ದ ನಾನು ಅರಿವಿಲ್ಲದೆ ಸ್ವರ ಎತ್ತಿಬಿಟ್ಟೆ. ಮೇಷ್ಟ್ರು ಬಾಗಿಲಿಗೆ ಬಂದರು.

"ಯಾರಮ್ಮ ಹಾಡಿದ್ದು?"

"ತಪ್ಪಾಯ್ತು ಮೇಷ್ಟ್ರೇ."

"ತಪ್ಪಾಗಿದ್ರೆ ನಾನ್ಯಾಕೆ ಎದ್ದು ಬರ್ತಿದ್ದೆ? ರಾಣಿ ಪಾತ್ರ ನೀನೇ ಮಾಡು."

ನನಗೂ ಆಸೆಯಿತ್ತು. ಮಂಡಳಿಯ ಅಧ್ಯಕ್ಷರು ಒಪ್ಪಲಿಲ್ಲ. "ನಮ್ಮ ಬೀದಿ ಹೆಣ್ಮಗಳು ಬಣ್ಣ ಹಚ್ಕೊಂಡು ನಿಂತ್ರೆ ಜನ ಏನಂತಾರೆ ಮೇಷ್ಟ್ರೇ?"

ಸಿಟ್ಟು ಬಂದರೆ ಮೇಷ್ಟ್ರ ಬಾಯಲ್ಲಿ ಮೊದಲು ತೆಲುಗು ಬರುತ್ತಿತ್ತು. "ಏಮಯ್ಯಾ! ಹೊರಗಿನೋಳು ಹಚ್ಕೊಂಡ್ರೆ ಶಿಳ್ಳೆ ಹೊಡೀತೀರಿ, ಈಯಮ್ಮ ಹಚ್ಕೊಂಡ್ರೆ ಮಾನ ಹೋಗುತ್ತಾ? ಈಯಮ್ಮ ಇಲ್ಲ ಅಂದ್ರೆ ಪೆಟ್ಟಿಗೇನೂ ಇಲ್ಲ." ಕೊಂಡಿ ಹಾಕಿ, ಪೆಟ್ಟಿಗೆಯನ್ನು ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೊರಟೇಬಿಟ್ಟರು.

ಮಂಡಳಿಯವರು ಮಾಲೂರಿನಿಂದ ಬೇರೆ ಮೇಷ್ಟ್ರನ್ನು ಕರೆಸಿದರು. ಅವರ ಹಾರ್ಮೋನಿಯಂನಲ್ಲಿ ಎಲ್ಲ ಕೀಗಳೂ ಸರಿಯಿದ್ದವು. ಆದರೆ ಆ ಸ್ವರ ಬಂದಾಗಲೆಲ್ಲ ನಮ್ಮವರು ಅಭ್ಯಾಸದಂತೆ ಕಿರುಚುತ್ತಿದ್ದರು. "ಏನ್ರಯ್ಯ, ಅಲ್ಲೊಂದು ಕಡೆ ನಿಮಗೆ ಚೇಳು ಕಡಿಯುತ್ತಾ?" ಎಂದು ಕೇಳಿ, ಆ ಮೇಷ್ಟ್ರು ಮೂರನೆಯ ದಿನ ಬಸ್ಸು ಹತ್ತಿದರು. ಅಧ್ಯಕ್ಷರೇ ಹೋಗಿ ನಮ್ಮ ಮೇಷ್ಟ್ರನ್ನು ಕರೆತಂದರು.

ನಾನು ಬಣ್ಣ ಹಚ್ಚಿದೆ. ಎರಡು ಮನೆಯವರು ನನ್ನ ಹತ್ತಿರ ರವಿಕೆ ಹೊಲಿಸುವುದನ್ನು ನಿಲ್ಲಿಸಿದರು. ನಾನು ಪಾತ್ರ ನಿಲ್ಲಿಸಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ನಂಗಲಿ... ಅವರ ಪೆಟ್ಟಿಗೆ ಹೋದಲ್ಲೆಲ್ಲ ಹೋದೆ. ಬಿಡುವಿನಲ್ಲಿ ಕೀ ಮೇಲೆ ಬೆರಳಿಡುವುದನ್ನೂ ಅವರೇ ಕಲಿಸಿದರು.

ಈಗ ಮೇಷ್ಟ್ರ ನೆನಪಿಗೆಂದು ಮಂಡಳಿ ನಾಟಕ ಆಡುತ್ತಿದೆ. ಹೋದ ವಾರ ಕಾರ್ಯದರ್ಶಿ ಪೆನ್ ಡ್ರೈವ್ ಹಿಡಿದು ಬಂದ. "ಅಕ್ಕ, ಹಾಡೆಲ್ಲ ಇದ್ರಲ್ಲಿದೆ. ಸ್ಟೇಜ್ ಮೇಲೆ ತುಟಿ ಆಡಿಸಿದ್ರೆ ಸಾಕು."

"ತುಟಿ ಆಡಿಸೋದನ್ನ ಮೇಷ್ಟ್ರು ಕಲಿಸಿಲ್ಲ ಕಣೋ. ಪೆಟ್ಟಿಗೆ ನಾನು ಬಾರಿಸ್ತೀನಿ."

"ಹಂಗಾದ್ರೆ ಆ ಕೀ ಆದ್ರೂ ರಿಪೇರಿ ಮಾಡಿಸೋಣ."

"ಮುಟ್ಟಬೇಡ."

ನಿನ್ನೆ ತಾಲೀಮಿನಲ್ಲಿ ಪೆಟ್ಟಿಗೆಯ ತಿದಿ ಒತ್ತಿದೆ. ಹಾಡು ಆ ಕೀಗೆ ಬಂತು. ಎಲ್ಲರೂ ಎತ್ತಿ ಹಾಡಿದರು, ಪೆನ್ ಡ್ರೈವ್ ಜೇಬಿನಲ್ಲಿಟ್ಟುಕೊಂಡ ಕಾರ್ಯದರ್ಶಿಯೂ. ನನ್ನ ದನಿ ಮಾತ್ರ ಅಲ್ಲೇ ನಿಂತಿತು... ಅಂದು ಅವರದು ನಿಂತ ಹಾಗೆ. ಯಾರು ಹಾಡಿದ್ದು ಎಂದು ಕೇಳಲು ಇನ್ನು ಅವರು ಎದ್ದು ಬರುವುದಿಲ್ಲ. ಅದು ನನಗೆ ಗೊತ್ತು.

ಸೆರಗಿನಿಂದ ಕಣ್ಣೊರೆಸಿಕೊಂಡು, "ಮೊದಲಿಂದ ಹಾಡ್ರಯ್ಯ" ಎಂದೆ.